ಅರ್ಧ ಬಿಲ್ಲೆ

ವಿರಾಜಪೇಟೆ ಖಜಾನೆಯ ಪಿಂಚಣಿ ಮೇಜಿಗೆ
ನವೆಂಬರ್ ಅಂದರೆ ಬದುಕಿರುವವರ ತಿಂಗಳು.
ಸತ್ತಿಲ್ಲವೆಂದು ಬರೆದುಕೊಡಲು ಬರುತ್ತಾರೆ
ಕೋಲೂರಿ, ಮೀಸೆ ತೀಡಿ, ಒಬ್ಬೊಬ್ಬರೇ.

ಸಿಗ್ನಲ್ಸಿನ ಹವಿಲ್ದಾರ್ ಪಳಂಗಪ್ಪ
ಸಹಿಯ ಶಾಯಿ ಆರುವ ಮೊದಲೇ
ಕೋವಿಪೆಟ್ಟಿಗೆಯ ಬೀಗದ ಕೈಯಿಂದ ಬಿಡಿಸಿ
ಮೇಜಿನ ಮೇಲಿಟ್ಟರು ಒಂದು ತಗಡಿನ ಚೂರು.
ಒಂದಂಚು ದುಂಡು, ಒಂದಂಚು ಹಲ್ಲುಹಲ್ಲು.

"ಜರ್ಮನಿಯವರದು, ಮಗಳೇ.
ಇಡೀ ಬಿಲ್ಲೆಯಲ್ಲಿ ಬರೆದದ್ದನ್ನೇ ಎರಡು ಸಲ ಬರೆದಿರುತ್ತಾರೆ.
ಆಳು ಸತ್ತರೆ ನಡುವೆ ಮುರಿಯಬೇಕು,
ಒಂದರ್ಧ ಹೆಣದ ಕೊರಳಲ್ಲೇ ಇರಬೇಕು,
ಇನ್ನರ್ಧ ಅವನ ಡಿವಿಜನ್ನಿಗೆ ಹೋಗಬೇಕು.
ಮುರಿದವನು ನಾನು. ಹೂತವನೂ.
ಕಳಿಸುವುದು ಮಾತ್ರ..."

ಇಟಲಿ. ನಲವತ್ತನಾಲ್ಕರ ಜೂನ್.
ರಾತ್ರಿಯೇ ಹೊರಡಿ ಎಂಬ ಆರ್ಡರು, ಆಮೇಲೆ ಇನ್ನೊಂದು ಹೊಳೆ,
ಆಮೇಲೆ ಹಡಗು, ಮದುವೆ, ಕಾಫಿ ಗಿಡ.
ಜೇಬಿನಿಂದ ಅದು ಬೀಗದ ಕೈಗೆ ಬಂತು,
ಭಾರಕ್ಕೆ ಒಳ್ಳೆಯದಿತ್ತು.

ಇದೂ ಹೇಳಿದರು, ಕೇಳದಿದ್ದರೂ:
ಹೆಡ್‌ಫೋನಿನಲ್ಲಿ ಐದು ವಾರ ಆ ಕಡೆಯ ಒಂದು ದನಿ,
ಬರೀ ಅಂಕಿ ಓದುತ್ತಿತ್ತು, ನಡುನಡುವೆ ಕೆಮ್ಮು.
ಎರಡಕ್ಕೆ 'ತ್ಸ್ವೋ' ಅನ್ನುತ್ತಿತ್ತು.
ಒಂದು ದಿನ ಕೆಮ್ಮು ಕೇಳಲಿಲ್ಲ.
"ಇವನೇ ಅವನು ಅಂತ ಹೇಳಲಾರೆ.
ಅಲ್ಲ ಅಂತಲೂ."

ಕಾಗದ ಬರೆದೆ. ಎಂಟು ತಿಂಗಳಿಗೆ ಉತ್ತರ,
ಮಾರ್ಗೋಲಿಯ ಚರ್ಚಿನ ಪಾದ್ರಿ ಓದಿ ಹೇಳಿದರು:
ಜನವರಿಯಲ್ಲಿ ಕಟ್ಟಿದ ಡಿವಿಜನ್.
ಆಸ್ಪತ್ರೆ ಹಾಸಿಗೆಯಿಂದ ಎಬ್ಬಿಸಿದವರು, ತರಬೇತಿ ಶಾಲೆಯ ಉಪಾಧ್ಯಾಯರು,
ಹದಿನೇಳರ ಹುಡುಗರು, ಎರವಲು ಕುದುರೆ.
ಮೇ ತಿಂಗಳಲ್ಲಿ ಯುದ್ಧಕ್ಕೆ. ಜುಲೈಯಲ್ಲಿ ರದ್ದು.
ಉಳಿದ ಕೆಲವರನ್ನು ಬೇರೆ ನಂಬರುಗಳಿಗೆ ಹಂಚಲಾಯಿತು.
ಇಷ್ಟೇ ಚರಿತ್ರೆ. ಟೈಪು ಮಾಡಿದ ಹದಿನಾಲ್ಕು ಸಾಲು.

ಪಳಂಗಪ್ಪ ಬೆರಳು ಮಡಚಿದರು:
ಸಸಿಮಡಿ, ನಾಟಿ, ಕಳೆ, ಹೊಡೆ, ಹಾಲುಗಾಳು...
ಕಿರುಬೆರಳು ಮಡಚದೆ ಉಳಿಯಿತು.
"ಒಂದು ಗದ್ದೆಯ ಆಯುಸ್ಸು.
ಪುತ್ತರಿಗೆ ಕದಿರು ತೆಗೆಯುವಷ್ಟೂ ಇಲ್ಲ."
ಚೂರನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು,
"ಡಿವಿಜನ್ನೇ ಸತ್ತರೆ
ಅದರ ಕೊರಳಿನ ಬಿಲ್ಲೆ ಯಾರು ಮುರಿಯಬೇಕು?"
ನನ್ನ ಲೆಡ್ಜರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮರುವರ್ಷದ ನವೆಂಬರಿನಲ್ಲಿ ಅವರು ಬರಲಿಲ್ಲ.

ಕಡಂಗದ ಬಸ್ಸಿನ ಕಂಡಕ್ಟರ್ ಟಿಕೇಟು ಹರಿಯುತ್ತ ಅಂದ:
"ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು, ನಮಗೆ ಗೊತ್ತು.
ಹವಿಲ್ದಾರರ ಮನೆಯಿಂದ ಮೊನ್ನೆ ಎರಡು ಕೇಳಿತು,
ಬಸ್ಸು ನಿಲ್ಲಿಸಿ ಟೋಪಿ ತೆಗೆದೆವು.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು.
ಊರಲ್ಲಿ ಬೇರೆ ಯಾರೂ ಸತ್ತಿಲ್ಲ.
ಮಕ್ಕಳಿಗೆ ಲೆಕ್ಕ ತಪ್ಪಿರಬೇಕು."

ಚಿಲ್ಲರೆ ಎಣಿಸಿಕೊಂಡೆ.
ಲೆಕ್ಕ ಸರಿಯಿತ್ತು.