ಮೂರನೇ ಕಿಟಕಿ

ಸೈಲಾ ಅಡುಗೆಮನೆಯ ಮೇಜಿನ ಮೇಲೆ ಮೂರು ಹಡಗು ಹರಡಿದ್ದಾಳೆ,
ನುಣುಪು ಕಾಗದದಲ್ಲಿ ಮೂರೂ ಬೆಳ್ಳಗೆ, ಮೂರೂ ಬಿಸಿಲಲ್ಲಿ.
ಅಂಥ ಬಿಸಿಲು ನಮ್ಮ ತುರ್ಕು ಪಟ್ಟಣಕ್ಕೆ ವರ್ಷದಲ್ಲಿ ಎಷ್ಟು ದಿನ
ಎಂದು ನಾನು ಕೇಳಲಿಲ್ಲ.
ಮೊಮ್ಮಗ ಓಯ್ವ, ಒಂದು ವರ್ಷ ಎಂಟು ತಿಂಗಳು,
ಒಂದು ಹಡಗಿನ ಮೂತಿಯನ್ನು ಆಗಲೇ ಬಾಯಲ್ಲಿ ನೆನೆಸಿ
ಮೆತ್ತಗೆ ಮಾಡಿದ್ದಾನೆ.

ಇದರಲ್ಲಿ ಜಾರುಬಂಡೆ ಇದೆಯಂತಮ್ಮ, ಅದರಲ್ಲಿ ಚೆಂಡುಗಳ ಕೊಳ,
ಇದರಲ್ಲಿ ಕರಡಿ ವೇಷದವನೊಬ್ಬ ಬಂದು ಮಕ್ಕಳ ಕೈ ಕುಲುಕುತ್ತಾನಂತೆ.
ಯಾವುದು ಹೇಳು, ಇಪ್ಪತ್ತಾರು ವರ್ಷ
ಹಡಗಲ್ಲೇ ಇದ್ದವಳು ನೀನು.

ಇದ್ದೆ, ನಿಜ.
ನೀರಿಗಿಂತ ಕೆಳಗೆ, ಎರಡನೇ ಅಂತಸ್ತಿನಲ್ಲಿ.
ಅಲ್ಲಿ ಕಡಲು ಕಾಣುವುದಿಲ್ಲ, ಕೇಳುತ್ತದೆ:
ಚಳಿಗಾಲದಲ್ಲಿ ಹಿಮದ ಹಾಳೆ ಹಡಗಿನ ಹೊಟ್ಟೆಗೆ ಉಜ್ಜುವ ಸದ್ದು,
ಯಾರೋ ರಾತ್ರಿಯಿಡೀ
ತಳ ಹಿಡಿದ ಪಾತ್ರೆ ಕೆರೆಯುತ್ತಿದ್ದಂತೆ.
ಬೆಳಿಗ್ಗೆ ಸ್ಟಾಕ್‌ಹೋಮಿನಲ್ಲಿ ಹಳೆಯ ಜನ ಇಳಿದು
ಹೊಸಬರು ಹತ್ತುವ ಮೊದಲು ಒಂದು ಗಂಟೆ;
ನನ್ನ ಪಾಲಿಗೆ ಹದಿನೆಂಟು ಕೋಣೆ.
ಹಡಗನ್ನು ನಾನು ಬಲ್ಲದ್ದು ಮಂಡಿಯೂರಿ.
ಓಯ್ವನೂ ಲೋಕವನ್ನು ಅಷ್ಟೇ ಎತ್ತರದಿಂದ ನೋಡುತ್ತಾನೆ.

ಹಾಗಾಗಿ ಬರೆದುಕೋ.
ಜಾರುಬಂಡೆ ಬಿಡು, ಅದು ಮೂರು ದಾಟಿದವರಿಗೆ,
ಇವನು ಅದರ ಬುಡದಲ್ಲಿ ನಿಂತು ಅಳುತ್ತಾನೆ.
ಚೆಂಡಿನ ಕೊಳದ ತಳದಲ್ಲಿ ಏನಿರುತ್ತದೆಂದು
ಗುಡಿಸಿದವಳನ್ನು ಕೇಳು. ಬೇಡ, ಕೇಳಬೇಡ.
ಕರಡಿ ಕಂಡರೆ ಈ ವಯಸ್ಸಿನವು ಚೀರುತ್ತವೆ;
ಒಳಗಿನ ಹುಡುಗ ಪಾಪ, ಬೆವೆತು ಬಸವಳಿದು
ನಮ್ಮ ಬಟ್ಟೆಕೋಣೆಗೆ ಬಂದು
ತಲೆ ಕಳಚಿಟ್ಟು ನೀರು ಕುಡಿಯುತ್ತಿದ್ದ.

ಬಚ್ಚಲಿನ ಹೊಸ್ತಿಲು ನೋಡು, ಗೇಣೆತ್ತರ, ಕಬ್ಬಿಣದ್ದು,
ಎಷ್ಟು ಹಾಲುಹಲ್ಲು ಅಲ್ಲಿ ಮುರಿದವೋ.
ತೊಟ್ಟಿಲು ಈಗಲೇ ಕೇಳಿಡು,
ಇಡೀ ಹಡಗಿಗೆ ಹತ್ತೋ ಹನ್ನೆರಡೋ ಅಷ್ಟೇ.
ಗಂಜಿ ಬಿಸಿ ಮಾಡುವ ಮೂಲೆ ಯಾವ ಅಂತಸ್ತು,
ನಡುರಾತ್ರಿಯೂ ತೆರೆದಿರುತ್ತದೋ ಇಲ್ಲವೋ.
ಕುಣಿತದ ಅಂಗಳದ ಕೆಳಗಿನ ಕೋಣೆ ಪುಕ್ಕಟೆ ಕೊಟ್ಟರೂ ಬೇಡ,
ಬೆಳಗಿನ ಜಾವದವರೆಗೂ ತಲೆಯ ಮೇಲೆ ಹಿಮ್ಮಡಿಗಳು.
ಹೊರಗೆ, ಕಂಬಿಗಳ ನಡುವೆ ನಿನ್ನ ಮುಷ್ಟಿ ತೂರುತ್ತದೋ ನೋಡು.
ತೂರಿದರೆ
ಇವನ ಅಂಗಿಯ ಬೆನ್ನು ಬಿಡಬೇಡ.

ಅವಳು ಬರೆಯುತ್ತಾಳೆ. ಬರೆದು, ಹಡಗಿನ ನಕ್ಷೆ ಬಿಡಿಸಿ
ಬೆರಳಲ್ಲಿ ಇಳಿಯುತ್ತಾಳೆ:
ಒಂಬತ್ತು, ಎಂಟು, ಏಳು, ಐದು,
ವಾಹನಗಳದು ಮೂರು,
ಎರಡು.
ಅಲ್ಲಿ ಬೆರಳು ನಿಲ್ಲುತ್ತದೆ.

ನನಗೆ ಗೊತ್ತು ಅವಳು ಎಲ್ಲಿ ನಿಂತಿದ್ದಾಳೆಂದು.
ರುಯಿಸ್ಸಾಲೋ ದಡದಲ್ಲಿ, ಲೆಂಪಿ ಅತ್ತೆಯ ಸೊಂಟದ ಮೇಲೆ,
ಕೆಂಪು ಉಣ್ಣೆ ಟೋಪಿ.
ರಾತ್ರಿ ಒಂಬತ್ತರ ಹಡಗು ದೀಪ ಹೊತ್ತು ದಾಟುವಾಗ
ಎಡಗಡೆಯಿಂದ ಮೂರನೇ ಕಿಟಕಿಗೆ ಕೈ ಬೀಸುತ್ತಿದ್ದಳು.
ಮೂರನೆಯದು ಎಂದು ಹೇಳಿಕೊಟ್ಟವಳು ನಾನು.
ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೂ
ಬೀಸುತ್ತಿದ್ದಳಂತೆ.
ನೋಡಿದೆಯಾ ಎಂದು ಕೇಳುತ್ತಿದ್ದಳು.
ನೋಡಿದೆ, ಟೋಪಿ ಚೆನ್ನಾಗಿ ಕಂಡಿತು, ಎನ್ನುತ್ತಿದ್ದೆ.
ಅಷ್ಟು ಹೊತ್ತಿಗೆ ನಾನು ಯಾರದೋ ಮಗುವಿಗೆ
ಹಾಸಿಗೆಯ ಅಂಚು ಮಡಿಸುತ್ತಿರುತ್ತಿದ್ದೆ.

ಸೈಲಾ ತಲೆಯೆತ್ತಲಿಲ್ಲ.
ಕಿಟಕಿ ಇರುವ ಕೋಣೆಗೆ ಅರವತ್ತು ಯೂರೋ ಹೆಚ್ಚಮ್ಮ, ಎಂದಳು.
ಕೊಡು, ಎಂದೆ.
ಮಗು ಒಂದು, ಎಂದು ತುಂಬಿದಳು.
ದೊಡ್ಡವರು ಎಂಬ ಕಡೆ ಎರಡು ಬರೆದು
ಹೊಡೆದುಹಾಕಿ ಮೂರು ಮಾಡಿದಳು.
ನನ್ನ ಸೊಂಟನೋವಿನ ಮಾತೆತ್ತಿದೆ,
ಕೇಳಿಸದವಳಂತೆ ಕಾಫಿ ಬಗ್ಗಿಸಿದಳು.

ಓಯ್ವ ಒದ್ದೆ ಹಡಗನ್ನು ನೆಲಕ್ಕೆ ಬಿಟ್ಟು
ಅದಕ್ಕೆ ಟಾಟಾ ಮಾಡುತ್ತಿದ್ದಾನೆ,
ಈ ವಯಸ್ಸಿನವರೆಲ್ಲ ಮಾಡುವಂತೆ
ಅಂಗೈ ತನ್ನ ಕಡೆಗೇ ತಿರುಗಿಸಿಕೊಂಡು.