ಮೂಲೆಯ ತುಂಡು

ಅಮ್ಮ ಬರೆದಿಟ್ಟ ಚೀಟಿಯಲ್ಲಿ ಅಳತೆಗಳಿಲ್ಲ.
ಮ್ಯಾಕರೋನಿ: ಡಬ್ಬಿಯಲ್ಲಿ ಇರುವಷ್ಟು.
ಕೊಚ್ಚಿದ ಮಾಂಸ, ಈರುಳ್ಳಿ.
ಹಾಲು: ಮುಳುಗುವಷ್ಟು. ಮೊಟ್ಟೆ: ಕೋಳಿಗಳ ಮರ್ಜಿ.
ಅಪ್ಪ ಕೊಟ್ಟಿಗೆಯಿಂದ ಬರುವವರೆಗೆ ಓವನ್ನಿನಲ್ಲಿ.

ಆ ಕೊಟ್ಟಿಗೆ ಈಗಿಲ್ಲ.
ಅಂದರೆ, ಇದೆ; ಯಾರದೋ ಎರಡು ದೋಣಿಗಳು
ಬಾಡಿಗೆ ಕೊಟ್ಟು ಅಲ್ಲಿ ಚಳಿಗಾಲ ಕಳೆಯುತ್ತವೆ.
ಎಷ್ಟು ಹೊತ್ತು ಬೇಯಬೇಕು, ಯಾರನ್ನು ಕೇಳಲಿ?

ಕುವೋಪಿಯೊ, ನಾಲ್ಕನೇ ಮಹಡಿ, ನವೆಂಬರ್.
ಮೂರೂವರೆಗೇ ಕತ್ತಲು ಬಂದು
ಅಡುಗೆಮನೆಯ ಕಿಟಕಿಗೆ ಹಣೆ ಹಚ್ಚಿ ನಿಂತಿದೆ.

ಮೊದಲ ಸಲ ಗೋಡಂಬಿ ರುಬ್ಬಿ ಸುರಿದೆ.
ಮದುವೆಯ ಊಟದಂತಿತ್ತು,
ಸೋಮವಾರದ ಊಟದಂತಿರಲಿಲ್ಲ.
ಎರಡನೇ ಸಲ ಕಡಲೆಹಿಟ್ಟು.
ಹಸಿ ವಾಸನೆ ಹೋಗಲೇ ಇಲ್ಲ; ತಳ ಹಿಡಿದದ್ದನ್ನು
ರಾತ್ರಿ ಹತ್ತರವರೆಗೆ ಕೆರೆದೆ, ಕೆಳಮನೆಯ ಹಿಲ್ಕಾ
ಪೊರಕೆಯ ಕೋಲಿನಿಂದ ತನ್ನ ಛಾವಣಿ ಕುಟ್ಟುವವರೆಗೆ.

ಆಮೇಲೆ ರೈಲು ನಿಲ್ದಾಣದ ಪಕ್ಕದ ನೇಪಾಳಿ ಅಂಗಡಿಯವನು
ಕಾಗದದ ಪೊಟ್ಟಣದಲ್ಲಿ ಕಪ್ಪುಪ್ಪು ಕಟ್ಟಿಕೊಟ್ಟ.
ಮೂಸಿ ನೋಡಿ ಅಂದ.
ಮೂಸಿದೆ:
ಅಮ್ಮನ ಏಪ್ರನ್ನಿನ ಜೇಬು,
ಅದರೊಳಗೆ ಇನ್ನೂ ಬೆಚ್ಚಗಿನ ಎರಡು ಮೊಟ್ಟೆ,
ಒಂದಕ್ಕೆ ಅಂಟಿದ ಹುಲ್ಲುಕಡ್ಡಿ.
ಚಿಲ್ಲರೆ ಬೇಡವೆಂದು ಹೊರಬಂದು
ಬಸ್ ಸ್ಟಾಪಿನಲ್ಲಿ ಸುಮ್ಮನೆ ನಿಂತೆ. ಎರಡು ಬಸ್ಸು ಹೋದವು.

ಓಟ್ಸ್ ಹಾಲು. ಕಪ್ಪುಪ್ಪು. ಚಿಟಿಕೆ ಅರಿಸಿನ.
ಬೇಯಿಸಿ ಜಜ್ಜಿದ ದೊಡ್ಡವರೆ.
ಐವತ್ತು ನಿಮಿಷ. ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದಿಟ್ಟೆ.

ಯಾಕೆ ಬಿಟ್ಟೆ ಅಂತ ಕೇಳುತ್ತಾರೆ.
ಭೂಮಿ, ಹವಾಮಾನ ಅನ್ನುತ್ತೇನೆ. ಸುಳ್ಳಲ್ಲ.
ಹೇಳದೇ ಉಳಿಯುವುದು ಇಷ್ಟು:
ನನಗೆ ಒಂಬತ್ತು. ಮಾನ್ಸಿಕ್ಕಿ, ಆ ಹಣ್ಣಿನ ಹೆಸರಿನ ಕೆಂದ ಹಸು,
ಈದ ವಾರವೇ ಲಾರಿ ಬಂದು ಕರುವನ್ನು ಹೇರಿಕೊಂಡು ಹೋಯಿತು.
ಮೂರು ರಾತ್ರಿ ಗೋಡೆಯಾಚೆ ಕೂಗಿದಳು.
ಮೂರನೇ ರಾತ್ರಿ ಮೇಜಿನ ಮೇಲೆ ಇದೇ ಊಟ,
ಮೇಲೆ ಕಂದು ಕೆನೆ, ಒಳಗೆ ಗಿಣ್ಣಿನಂತೆ ಅದುರುವುದು.
ನಾನು ಎರಡು ಸಲ ಬಡಿಸಿಕೊಂಡೆ.
ಅಷ್ಟು ರುಚಿಯಾಗಿ ಆಮೇಲೆ ಏನನ್ನೂ ತಿಂದಿಲ್ಲ.
ಆ ಎರಡನೇ ತಟ್ಟೆ ಕರಗಲು
ಮೂವತ್ತೊಂದು ವರ್ಷ ಹಿಡಿಯಿತು.

ಭಾನುವಾರ ಅಪ್ಪ ಬಂದ, ಜೊತೆಗೆ ಇರ್ಯಾ,
ಡ್ಯಾನ್ಸ್ ಹಾಲಿನಲ್ಲಿ ಸಿಕ್ಕವಳು, ಹಸಿರು ಓಲೆ, ದೊಡ್ಡ ನಗು.
ಅಪ್ಪ ಓಟ್ಸ್ ಹಾಲಿನ ಡಬ್ಬ ಎತ್ತಿಕೊಂಡು
ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು
ಸಾವಿನ ಸುದ್ದಿ ಓದುವಂತೆ ಓದಿದ.
‘ಮೊದಲು ಹಸುವಿನ ಹೊಟ್ಟೆ ಹಾದು ಬರುತ್ತಿತ್ತು.
ಈಗ ನೇರ.’
ತಮಾಷೆಯೋ, ದೂರೋ;
ನಲವತ್ತು ವರ್ಷ ಮಗಳಾಗಿಯೂ ಗೊತ್ತಾಗಲಿಲ್ಲ.

ಪಾತ್ರೆಗೆ ನಾಲ್ಕು ಮೂಲೆ, ಒಂದರಲ್ಲಿ ಅಂಚು ಮುಕ್ಕಾಗಿದೆ.
ನಾನೂ ತಮ್ಮ ತಾರ್ಮೊನೂ ಮೂರಕ್ಕೆ ಕಾದಾಡುತ್ತಿದ್ದೆವು,
ನಾಲ್ಕನೆಯದು ಚಳಿಯಿಂದ ಬಂದವನಿಗೆ.
ಇವತ್ತೂ ಅಪ್ಪ ಅದಕ್ಕೇ ಚಾಕು ಹಾಕಿದ.
ಗರಿಗರಿ ಸದ್ದು. ಅಗಿದ. ಮತ್ತೂ ಅಗಿದ.

‘ನಿಮ್ಮಮ್ಮನೂ ಒಂದು ಸಲ ಡಬ್ಬದ ಹಾಲು ತರಿಸಿದ್ದಳು,’ ಎಂದ.
‘ಮಾನ್ಸಿಕ್ಕಿ ಕೂಗುತ್ತಿದ್ದ ವಾರ.
ಮನೆಯ ಹಾಲು ಮುಟ್ಟಲಾರೆ ಅಂದಳು.
ಅಂಗಡಿಗೆ ನಾನೇ ಹೋದೆ, ಹನ್ನೊಂದು ಕಿಲೋಮೀಟರು.
ಅದೂ ನಮ್ಮದೇ ಹಾಲು ಇರಬೇಕು,
ಲಾರಿ ಹತ್ತಿ, ಡೈರಿ ಸುತ್ತಿ ವಾಪಸ್ಸು ಬಂದದ್ದು.
ನಾನು ಹೇಳಲಿಲ್ಲ.’

ಉಳಿದರ್ಧ ಮೂಲೆಯನ್ನು ನನ್ನ ತಟ್ಟೆಗೆ ತಳ್ಳಿದ.

ಇರ್ಯಾ ಎರಡನೇ ಸಲ ಬಡಿಸಿಕೊಳ್ಳುತ್ತ
ಕೆಚಪ್ ಎಲ್ಲಿದೆ ಅಂತ ಕೇಳಿದಳು.