ಹಾಜರಾತಿ ಇಳಿದದ್ದಕ್ಕೆ ಸಮಜಾಯಿಷಿ

ಜಿಲ್ಲಾ ಕಚೇರಿಯ ಕಾಗದ ಬಂದು ಮೂರು ದಿನ.
ಹದಿನಾಲ್ಕು ಮಂಚದ ನಮ್ಮ ಬಾಗೇಪಲ್ಲಿ ಆಸ್ಪತ್ರೆಯಲ್ಲಿ
ಲೆಕ್ಕ ಬರೆಯುವವನು ನಾನೊಬ್ಬನೇ,
ಉತ್ತರವನ್ನೂ ನಾನೇ ಬರೆಯಬೇಕು.

"ಗುಂಡ್ಲಪಲ್ಲಿ ಕ್ಲಿನಿಕ್ಕು. ಹೋದ ತ್ರೈಮಾಸಿಕದಲ್ಲಿ
ರೋಗಿಗಳು ನಾನೂರ ಹನ್ನೆರಡು, ಈ ಸಲ ಇನ್ನೂರ ಅರವತ್ತು.
ತಲೆಗಿಷ್ಟು ಎಂಬ ನಿಯಮದಂತೆ
ಅನುದಾನ ಏಕೆ ತಗ್ಗಿಸಬಾರದು? ಕಾರಣ ತಿಳಿಸಿ."

ಮಾನ್ಯರೇ,
ಕ್ಲಿನಿಕ್ಕು ಅಂದರೆ ಹಾಲಿನ ಡೈರಿಯ ಕೋಣೆ.
ಎಂಟರ ತನಕ ಅಲ್ಲಿ ಹಾಲಿನ ಡಿಗ್ರಿ ನೋಡುತ್ತಾರೆ,
ಒಂಬತ್ತರಿಂದ ನಾವು ಜನರ ಬಿ.ಪಿ. ನೋಡುತ್ತೇವೆ.
ಮೇಜು ಅದೇ. ಎಷ್ಟು ಒರೆಸಿದರೂ ಹುಳಿವಾಸನೆ.
ಸಿಸ್ಟರ್ ಶಂಷಾದ್ ಕೇಳುವುದು ಕನ್ನಡದಲ್ಲಿ,
ಅವರು ಹೇಳುವುದು ತೆಲುಗಿನಲ್ಲಿ,
ನಾನು ಬರೆದುಕೊಳ್ಳುವುದು ನಿಮ್ಮ ಭಾಷೆಯಲ್ಲಿ.

ಗಂಗುಲಪ್ಪ ಕಾಲಿನ ಹುಣ್ಣಿಗೆ
ವಾರಕ್ಕೆರಡು ಸಲ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ.
ಯುಗಾದಿ ಹೊತ್ತಿಗೆ ಮಾಯಿತು.
ಅಲ್ಲಿಗೆ ನಿಮ್ಮ ಲೆಕ್ಕದಲ್ಲಿ ಇಪ್ಪತ್ತಾರು ತಲೆ ಖೋತಾ.
ಆದಿಲಕ್ಷ್ಮಮ್ಮನ ಉಪ್ಪಿನಕಾಯಿ ಜಾಡಿಯನ್ನು
ಸಿಸ್ಟರ್ ತಾವೇ ಅಟ್ಟಕ್ಕೇರಿಸಿ
ಏಣಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದರು.
ಆಕೆ ಈಗ ತಿಂಗಳಿಗೊಮ್ಮೆ ಬಂದರೆ ಸಾಕು.
ನಡುವೆಯೂ ಬರುತ್ತಾಳೆ, ಬಯ್ಯುವುದಕ್ಕೆ.
ಅದನ್ನು ನಾನು ರಿಜಿಸ್ಟರಿಗೆ ಹಾಕಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ.
ನಿಮ್ಮ ಎರಡನೇ ಕಂತು ಬಾರದೆ
ಸ್ಕೂಟರಿಗೆ ಪೆಟ್ರೋಲಿಲ್ಲದೆ
ಎರಡು ಗುರುವಾರ ಬಾಗಿಲು ತೆರೆಯಲಿಲ್ಲ.
ಹದಿನಾರು ಜನ ಬಂದು ಹೋದರಂತೆ.
ಬಾಬಾಜಾನ್ ಬೀಗವನ್ನು ಎರಡು ಸಲ ಎಳೆದು ನೋಡಿದನಂತೆ.
ಸಕ್ಕರೆ ಮಾತ್ರೆ ಮುಗಿದಿತ್ತು ಅವನದು.
ಆಮೇಲೆ ಬಂದಿಲ್ಲ.
ಅವನನ್ನು ವಾಸಿಯಾದವರ ಕಡೆ ಬರೆಯಲೋ
ಬೀಗ ನೋಡಿದವರ ಕಡೆ ಬರೆಯಲೋ,
ತಾವೇ ಅಪ್ಪಣೆ ಕೊಡಿಸಬೇಕು.

ಡಾಕ್ಟರು ಓದಿದರು. ಒಂದು ಕಡೆ ನಕ್ಕರು,
ಜಾಡಿಯ ಹತ್ತಿರ ಇರಬೇಕು.
ಆಮೇಲೆ ಅಡ್ಡಗೆರೆ ಎಳೆದು ಕೆಳಗೆ ಬರೆದರು:
"ಹಬ್ಬಗಳ ನಿಮಿತ್ತ ಹಾಜರಾತಿ ಕಡಿಮೆಯಾಗಿದೆ.
ಮುಂದಿನ ಅವಧಿಯಲ್ಲಿ ರೋಗಿಗಳನ್ನು ಹೆಚ್ಚಿಸಲಾಗುವುದು."
ಕಂತು ಬರಲಿ ಮೊದಲು, ಅಂದರು, ನನ್ನ ಮುಖ ನೋಡದೆ.

ಶುದ್ಧಪ್ರತಿ ತೆಗೆದೆ. ಮೊಹರು ಒತ್ತಿದೆ.
ಸಂಜೆ ಬಂಕಿನಲ್ಲಿ ನನ್ನ ಜೇಬಿನ ನೂರು ರೂಪಾಯಿಗೆ
ಸ್ಕೂಟರಿಗೆ ಎಣ್ಣೆ ಹಾಕಿಸಿದೆ, ರಸೀದಿ ಕೇಳಲಿಲ್ಲ.
ನಾಳೆ ಗುರುವಾರ.
ಬಾಬಾಜಾನ್ ಮನೆ
ಮಸೀದಿ ಹಿಂದಿನ ಸಂದಿಯಲ್ಲಿ, ಹಸಿರು ಬಾಗಿಲಂತೆ.